ಉಂಗುರದ ಆಲೂಗಡ್ಡೆ

ಕಾರಣವಿದ್ದಾಗ ಎಲ್ಲರೂ ಹೆದರುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ಧರ್ಮಣ್ಣನಿಗೆ ಕಾರಣ ಆಮೇಲೆ ಸಿಕ್ಕರೂ ನಡೆಯುತ್ತಿತ್ತು. ಲಿಫ್ಟು ಹತ್ತಿದರೆ ಅದು ನಿಲ್ಲುವುದೋ ಇಲ್ಲವೋ ಎಂದು ಹೆದರುತ್ತಿದ್ದ. ನಿಂತರೆ ಬಾಗಿಲು ತೆರೆಯುವುದೋ ಇಲ್ಲವೋ ಎಂದು ಹೆದರುತ್ತಿದ್ದ. ತೆರೆದರೆ ತಾನು ಇಳಿಯಬೇಕಾದ ಮಹಡಿ ಇದೇ ಹೌದೋ ಅಲ್ಲವೋ ಎಂದು ಹೆದರಿ, ಇಳಿಯದೆ ಮತ್ತೆ ಕೆಳಗೆ ಬರುತ್ತಿದ್ದ. ಯೆರವಡಾದ ಜೈಲಿನ ಗೋಡೆ ಕಾಣುವ ಒಂದು ಓಣಿಯಲ್ಲಿ ಅವನ ಮನೆ. ಬೆಳಿಗ್ಗೆ ಕೆಲಸಕ್ಕೆ ಹೊರಟವನು ಆ ಗೋಡೆ ಬಂದೊಡನೆ, ಏನೂ ಮಾಡಿರದಿದ್ದರೂ, ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದ.

ಇಂಥವನಿಗೂ ದೇವರು ಒಂದು ಒಳ್ಳೆಯ ಕೆಲಸ ಕೊಟ್ಟಿದ್ದ. ಯಾದಗಿರಿ ಕಡೆಯಿಂದ ಬಂದು ವರ್ಷಗಟ್ಟಲೆ ಖರಾಡಿಯ ಕಟ್ಟಡಗಳಿಗೆ ಕಾಂಕ್ರೀಟು ಹೊತ್ತು ನಡು ಕಳೆದುಕೊಂಡ ಮೇಲೆ, ಅಲ್ಲಿಯೇ ಹತ್ತಿರದ ಒಂದು ಆಲೂಗಡ್ಡೆ ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಕೆಲಸ ಸಿಕ್ಕಿತ್ತು. ತಲೆಯ ಮೇಲೆ ಸೂರು, ಕೂರಲು ಸ್ಟೂಲು, ಸುತ್ತ ಏಸಿಯ ತಂಪು. ಆ ಲ್ಯಾಬಿನಲ್ಲಿ ಆಲೂಗಡ್ಡೆಗೆ ಮಣ್ಣಿನ ಹಂಗಿರಲಿಲ್ಲ. ರೋಗವಿಲ್ಲದ ಒಂದು ಗಿಡದ ಕಾಂಡವನ್ನು ಗೆಣ್ಣುಗೆಣ್ಣಾಗಿ ಕತ್ತರಿಸಿ, ಒಂದೊಂದು ಗೆಣ್ಣನ್ನೂ ಗಾಜಿನ ಬಾಟಲಿಯೊಳಗೆ, ಗಿಣ್ಣದ ಹಾಗೆ ಮಿದುವಾಗಿ ಹೆಪ್ಪುಗಟ್ಟಿದ ಪಾಕದಲ್ಲಿ ನೆಟ್ಟು ಮುಚ್ಚಳ ಬಿಗಿಯುತ್ತಿದ್ದರು. ಗೆಣ್ಣು ಚಿಗುರಿ ಗಿಡವಾದರೆ ಅದನ್ನೂ ಕತ್ತರಿಸುತ್ತಿದ್ದರು. ಹೀಗೆ ಒಂದು ಗಿಡ ಸಾವಿರವಾಗಿ, ಸಾವಿರ ಲಕ್ಷವಾಗಿ, ಕಡೆಗೆ ಬೀಜದ ಗಡ್ಡೆಯಾಗಿ ಮಂಚರ್ ಕಡೆಯ ರೈತರ ಹೊಲ ಸೇರಬೇಕು. ಅಲ್ಲಿ ಬೆಳೆಸುತ್ತಿದ್ದದ್ದು ಇನ್ನೂ ಬಜಾರು ಕಾಣದ ಒಂದು ಹೊಸ ತಳಿ. ಅದರ ಗಡ್ಡೆ ಕೊಯ್ದರೆ ಒಳಗೆ ಕೆಂಪು ಉಂಗುರ ಕಾಣುತ್ತಿತ್ತು.

ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅಪೇಕ್ಷಾ ಮೇಡಂ. ಉಡುಪಿ ಕಡೆಯ ಹೋಟೆಲಿನವರ ಮಗಳು, ಪುಣೆಯಲ್ಲೇ ಹುಟ್ಟಿ ಓದಿದವರು, ಲ್ಯಾಬಿನಲ್ಲಿ ಎಲ್ಲರ ಜೊತೆ ಮರಾಠಿ ಇಂಗ್ಲಿಷು, ಧರ್ಮಣ್ಣನ ಜೊತೆ ಮಾತ್ರ ಕನ್ನಡ. ಬೆಳಿಗ್ಗೆ ಬಂದವರೇ ಬಾಟಲಿಗಳ ಸಾಲಿನ ಮುಂದೆ ನಡೆದು ಹೋಗಿ, ನಡುವಿನಿಂದ ಒಂದೇ ಒಂದನ್ನು ಎತ್ತಿ, ಇದಕ್ಕೆ ಹುಷಾರಿಲ್ಲ ಎನ್ನುತ್ತಿದ್ದರು. ಅದರಲ್ಲಿ ಬೂಷ್ಟು ಹತ್ತಿರುತ್ತಿತ್ತು, ಅಷ್ಟೆ. ಧರ್ಮಣ್ಣ ಅದನ್ನು ದೊಡ್ಡ ಕುಕ್ಕರಿನಲ್ಲಿ ಹಾಕಿ ಬೇಯಿಸಿ ಕೊಲ್ಲುತ್ತಿದ್ದ. ಆದರೆ ಅವನ ಕಣ್ಣಿಗೆ ಎಲ್ಲ ಗಿಡಗಳೂ ಒಂದೇ ಥರ ಕಾಣುತ್ತಿದ್ದುದರಿಂದ, ಇಷ್ಟರಲ್ಲಿ ಒಂದನ್ನು ಹೆಕ್ಕುವ ಮೇಡಮ್ಮಿಗೆ ಒಂದೊಂದರ ಮುಖವೂ ಗುರುತಿರಬೇಕು ಎಂದು ತೀರ್ಮಾನಿಸಿಕೊಂಡಿದ್ದ. ಜೀವನದಲ್ಲಿ ಅವನು ಯಾರನ್ನೂ ಕೇಳದೆ ಮಾಡಿದ ತೀರ್ಮಾನ ಅದೊಂದೇ, ಅದೂ ತಪ್ಪಾಗಿತ್ತು.

ಗಣಪತಿ ಹಬ್ಬ ಮುಗಿದ ಮೇಲೆ ಒಂದು ಭಾನುವಾರ ಹೆಂಡತಿ ಯಂಕವ್ವನ ತಮ್ಮ ಶಿವಪುತ್ರಪ್ಪ ಊಟಕ್ಕೆ ಬಂದ. ಅವನು ಕೂಲಿಕಾರರನ್ನು ಕಟ್ಟಡಗಳಿಗೆ ಕಳಿಸುವ ಮುಕಾದಮ. ಕೊರಳಲ್ಲಿ ಚೈನು, ಕೈಯಲ್ಲಿ ಎರಡು ಫೋನು, ಎರಡರಲ್ಲೂ ಒಂದೇ ಜೋರು ದನಿ. ಉಂಡು ಕೈ ತೊಳೆದು ಹೊಸ್ತಿಲಲ್ಲಿ ಕೂತವನು ಓಣಿಗೆಲ್ಲ ಕೇಳುವಂತೆ, ನಮ್ಮ ಮಾಮಾ ಲ್ಯಾಬಿನಲ್ಲಿ ಖಾಲಿ ಬಾಟಲಿ ತೊಳೆಯುತ್ತಾನೆ, ಅದರ ಬದಲು ಯಾವುದಾದರೂ ಬಾರಿನಲ್ಲಿದ್ದಿದ್ದರೆ ತುಂಬಿದ ಬಾಟಲಿಯಾದರೂ ನೋಡುತ್ತಿದ್ದ ಎಂದ. ಪಕ್ಕದ ಮನೆಯ ಗಂಗೂಬಾಯಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಅವಳು ಸೊಲ್ಲಾಪುರದ ಕಡೆಯ ತರಕಾರಿ ಗಾಡಿಯವಳು. ಅವಳು ನಕ್ಕರೆ ಆ ನಗೆ ಸಂಜೆಯೊಳಗೆ ಗಾಡಿಯ ಮೇಲೆ ಕೂತು ಆರು ಓಣಿ ಸುತ್ತುತ್ತಿತ್ತು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು ಎನ್ನುವುದು ಸುಳ್ಳಲ್ಲ. ಧರ್ಮಣ್ಣನಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂದದ್ದು ಆ ಒಂದು ಸಲ ಮಾತ್ರ.

"ತೊಳಿಯೂದು ಹೊರಗಿನ ಮಂದಿಗೆ ಹೇಳೂ ಮಾತು," ಎಂದ. "ಒಳಗ ನಾವು ಗಿಡ ಹುಟ್ಟಸ್ತೀವಿ. ಬೀಜ ಬ್ಯಾಡ, ಮಣ್ಣ ಬ್ಯಾಡ. ಒಂದು ಗೆಣ್ಣ ಇದ್ರ ಲಕ್ಷ ಗಿಡ."

ಶಿವಪುತ್ರಪ್ಪ ಗಂಗೂಬಾಯಿಯ ಕಡೆ ನೋಡಿದ. ಗಂಗೂಬಾಯಿ, ಇಪ್ಪತ್ತು ವರ್ಷದಿಂದ ಆಲೂಗಡ್ಡಿ ಮಾರುತ್ತಿದ್ದೇನೆ, ಬಾಟಲಿಯಲ್ಲಿ ಹುಟ್ಟಿದ್ದನ್ನು ಕಂಡಿಲ್ಲ ಎಂದು ತೀರ್ಪು ಕೊಟ್ಟಳು. ಮುಂದಿನ ಭಾನುವಾರ ತಂದು ತೋರಿಸುತ್ತೇನೆ ಎಂದು ಧರ್ಮಣ್ಣ ಹೇಳಿದ. ಹೇಳಿದ ಮರುಕ್ಷಣವೇ ಎದೆ ಹೊಡೆದುಕೊಳ್ಳತೊಡಗಿತು, ಆದರೆ ಮಾತು ಆಗಲೇ ಓಣಿಯ ಆಸ್ತಿಯಾಗಿತ್ತು.

ಶನಿವಾರ ಲ್ಯಾಬಿನಿಂದ ಬರುವಾಗ ಒಂದು ಬಾಟಲಿ ಬುತ್ತಿಯ ಚೀಲದೊಳಗೆ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಸ್ಸಿನ ಕಂಡಕ್ಟರು ಮುಂದೆ ಸರಿಯಿರಿ ಎಂದಾಗಲೆಲ್ಲ ಧರ್ಮಣ್ಣ ಚೀಲ ಮುಟ್ಟಿ ನೋಡಿಕೊಂಡ. ಜೈಲಿನ ಗೋಡೆ ಬಂದಾಗ ಅವನ ಕಾಲುಗಳು ತಾವಾಗಿಯೇ ರಸ್ತೆ ದಾಟಿದವು.

ಭಾನುವಾರ ಓಣಿಯ ಅರ್ಧ ಜನ ಅವನ ಮನೆಯಲ್ಲಿದ್ದರು. ಬೆರಳುದ್ದದ, ಎಳೆದಾರದಷ್ಟು ಸಪೂರ ಕಾಂಡದ ಗಿಡವನ್ನು ಎಲ್ಲರೂ ಗಾಜಿನ ಹೊರಗಿನಿಂದ ನೋಡಿದರು. ಬೇರು ಬೆಳ್ಳಗೆ ಪಾಕದಲ್ಲಿ ಇಳಿಬಿದ್ದಿತ್ತು. ಪಾಪ, ಉಸಿರಾಡಲು ಗಾಳಿಯಿಲ್ಲವಲ್ಲ ಎಂದು ಗಂಗೂಬಾಯಿ ಮರುಗಿದಳು. ಶಿವಪುತ್ರಪ್ಪ ಮಾತ್ರ, ಇದು ಪ್ಲಾಸ್ಟಿಕ್ಕಿನದು ಎಂದ. ಧರ್ಮಣ್ಣ ಬೇಡ ಬೇಡ ಎನ್ನುವಷ್ಟರಲ್ಲಿ ಮುಚ್ಚಳ ತಿರುಗಿಸಿ, ಎರಡು ಬೆರಳಿನಿಂದ ಗಿಡವನ್ನು ಹೊರಗೆಳೆದು ಅಂಗೈ ಮೇಲೆ ಇಟ್ಟುಕೊಂಡ.

ಬಾಟಲಿಯಲ್ಲಿ ಹುಟ್ಟಿದ ಗಿಡದ ಪಾಡು ಏನೆಂದು ಮೇಡಂ ಹೊಸಬರಿಗೆ ಹೇಳುವಾಗ ಧರ್ಮಣ್ಣ ಎಷ್ಟೋ ಸಲ ಕೇಳಿದ್ದ. ಅದು ಗಾಳಿ ಬಿಸಿಲು ಕಂಡದ್ದಲ್ಲ. ಎಲೆಯ ಮೇಲೆ ನೀರು ಹಿಡಿದಿಡುವ ಮೇಣದ ಪದರ ಇರುವುದಿಲ್ಲ. ಬೇರಿಗೆ ಸಿದ್ಧ ಪಾಕ ಉಂಡು ಗೊತ್ತೇ ಹೊರತು ದುಡಿದು ಗೊತ್ತಿಲ್ಲ. ಹೊರಗೆ ತಂದರೆ ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಗಾಳಿಗೆ ಒಗ್ಗಿಸಬೇಕು, ಇಲ್ಲದಿದ್ದರೆ ನಿಂತಲ್ಲೇ ಬೀಳುತ್ತದೆ. ಶಿವಪುತ್ರಪ್ಪನ ಅಂಗೈಯಲ್ಲಿ ಅದು ಹಾಗೆಯೇ ಬಿತ್ತು. ಚಹ ಕುಡಿದು ಮುಗಿಸುವಷ್ಟರಲ್ಲಿ ಎಲೆ ಮುದುಡಿ, ಕಾಂಡ ಬಾಗಿ, ಬೆರಳಿನ ಸಂದಿಯಲ್ಲಿ ಒದ್ದೆ ದಾರವಾಗಿ ಜೋತಿತು.

"ಅಯ್ಯ ಬಾಯೀ," ಎಂದಳು ಗಂಗೂಬಾಯಿ, "ಕೂಸ ಹೋತಲ್ಲ."

ಯಾರೋ ಹಿರಿಯರು ಟೊಪ್ಪಿಗೆ ತೆಗೆದರು. ಶಿವಪುತ್ರಪ್ಪನಿಗೆ, ಫೋನು ರಿಂಗಾಗದೆಯೂ, ತುರ್ತು ಕರೆ ಬಂತು. ಗಿಡವನ್ನು ಅಕ್ಕನ ಕೈಗಿಟ್ಟು ಹೊರಟುಹೋದ. ಯಂಕವ್ವ ಮಾತ್ರ ಸಾವನ್ನು ಒಪ್ಪಲಿಲ್ಲ. ಓಣಿಯ ಎಷ್ಟೋ ಹೆಂಗಸರ ಬಾಣಂತನ ಮಾಡಿದ ಕೈ ಅವಳದು. ಹಳೆಯ ಎಣ್ಣೆ ಡಬ್ಬಿಯಲ್ಲಿ ಮಣ್ಣು ತುಂಬಿ ಗಿಡ ಮಲಗಿಸಿದಳು. ಲ್ಯಾಬಿನಲ್ಲಿ ಇಂಥವನ್ನು ಪ್ಲಾಸ್ಟಿಕ್ ಹೊದಿಸಿ ಇಡುತ್ತಾರೆ ಎಂದು ಧರ್ಮಣ್ಣ ತೊದಲಿದ್ದಕ್ಕೆ ಮೇಲೊಂದು ಪ್ಲಾಸ್ಟಿಕ್ ಬರಣಿ ಬೋರಲು ಹಾಕಿ, ನೀರಿನ ಡ್ರಮ್ಮಿನ ಹಿಂದೆ, ಗಾಳಿ ತಾಕದ ಮೂಲೆಯಲ್ಲಿ ಇಟ್ಟಳು.

ಧರ್ಮಣ್ಣನ ಕಣ್ಣು ಖಾಲಿ ಬಾಟಲಿಯ ಮೇಲಿತ್ತು. ನಾಳೆ ಮೇಡಂ ಸಾಲಿನ ಮುಂದೆ ನಡೆಯುತ್ತಾರೆ, ಒಂದು ಮುಖ ಕಾಣೆಯಾದದ್ದು ಗೊತ್ತಾಗುತ್ತದೆ, ಕೆಲಸ ಹೋಗುತ್ತದೆ. ಸ್ಟೂಲು ಹೋಗುತ್ತದೆ, ಏಸಿ ಹೋಗುತ್ತದೆ, ಈ ಮುರಿದ ನಡುವಿನ ಮೇಲೆ ಮತ್ತೆ ಕಾಂಕ್ರೀಟು ಏರುತ್ತದೆ. ಅದೂ ಶಿವಪುತ್ರಪ್ಪನ ಕೈ ಕೆಳಗೆ. ಕಳವು ಎಂದು ಬರೆಸಿದರೆ ಜೈಲು ದೂರವೇನಿಲ್ಲ, ನಡೆದೇ ಹೋಗಬಹುದು. ಹೆದರಿಕೆ ಹೆಚ್ಚಾದಾಗ ಮನುಷ್ಯನಿಗೆ ಬುದ್ಧಿ ಹುಟ್ಟುತ್ತದೆ; ಅದು ಎಂಥ ಬುದ್ಧಿ ಎನ್ನುವುದು ಬೇರೆ ಮಾತು. ಮೂಲೆಯ ಬುಟ್ಟಿಯಲ್ಲಿ ಗಂಗೂಬಾಯಿ ಕೊಟ್ಟ ಹಳೆಯ ಆಲೂಗಡ್ಡೆಗಳಿದ್ದವು, ಮೊಳಕೆ ಬಂದಿದ್ದವು. ಧರ್ಮಣ್ಣ ಒಂದು ಮೊಳಕೆ ಮುರಿದು ಬಾಟಲಿಯ ಪಾಕದಲ್ಲಿ ಚುಚ್ಚಿ ಮುಚ್ಚಳ ಬಿಗಿದ. ಆಲೂಗಡ್ಡೆಗೆ ಆಲೂಗಡ್ಡೆ, ಲೆಕ್ಕ ಸರಿಹೋಯಿತು.

ಸೋಮವಾರ ಬಾಟಲಿ ತನ್ನ ಜಾಗದಲ್ಲಿತ್ತು. ಮೇಡಂ ಅದರ ಮುಂದೆಯೇ ನಡೆದು ಹೋದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದುಕೊಂಡು ಧರ್ಮಣ್ಣ ಸ್ಟೂಲಿನ ಮೇಲೆ ಕೂತ. ಆ ಆಯುಷ್ಯ ಬುಧವಾರ ಮುಗಿಯಿತು.

ಅಡುಗೆಮನೆಯ ಮೊಳಕೆಯ ಜೊತೆ ಅಡುಗೆಮನೆಯ ಎಲ್ಲ ಜೀವಿಗಳೂ ಬಾಟಲಿಯೊಳಗೆ ಹೋಗಿದ್ದವು. ಪಾಕದ ತುಂಬ ಬಿಳಿ, ಹಸಿರು, ಕಪ್ಪು ಬೂಷ್ಟು ಗಡ್ಡದ ಹಾಗೆ ಬೆಳೆದಿತ್ತು. ಮೇಡಂ ಬಾಟಲಿ ಎತ್ತಿದಾಗ ಧರ್ಮಣ್ಣ ಕುಕ್ಕರಿನ ಬಾಗಿಲು ತೆರೆದು ಸಿದ್ಧವಾಗಿ ನಿಂತ. ಕೊಡಲಿ, ಬೇಯಿಸಿಬಿಡೋಣ, ಸಾಕ್ಷಿ ಸತ್ತುಹೋಗಲಿ. ಆದರೆ ಮೇಡಂ ಅದನ್ನು ಬೆಳಕಿಗೆ ಹಿಡಿದರು. ಹಿಡಿದೇ ನಿಂತರು.

"ಎಂತ ಧರ್ಮಣ್ಣ ಇದು? ಕಾಂಡ ಇಷ್ಟು ದಪ್ಪ, ನೇರಳೆ ಬಣ್ಣ. ನಮ್ಮ ಗಿಡ ಹೀಗಿರೋದಿಲ್ಲವಲ್ಲ."

ಧರ್ಮಣ್ಣ ಕುಕ್ಕರಿನ ಬಾಗಿಲನ್ನು ಇನ್ನೂ ಅಗಲ ತೆರೆದ. ಆಲೂಗಡ್ಡಿ ಅಂದ ಮೇಲೆ ಒಂದೊಂದು ಸಲ ಹಂಗ ಆಗ್ತದರಿ ಎಂದ. ಮೇಡಂ ತಲೆಯಾಡಿಸಿ, ನೀವು ಹೇಳುವುದೂ ಸರಿಯೇ, ಆಗುವುದುಂಟು ಎಂದರು. ಬಾಟಲಿಯೊಳಗೆ ಬಹಳ ಕಾಲ ಕತ್ತರಿಸಿ ಕತ್ತರಿಸಿ ಬೆಳೆಸಿದರೆ ಎಲ್ಲೋ ಒಂದು ಗಿಡದ ಗುಣ ಬದಲಾಗಿಬಿಡಬಹುದು ಎಂದು ಅವರು ಓದಿದ್ದರು, ಕಣ್ಣಾರೆ ಕಂಡಿರಲಿಲ್ಲ. ಆ ಮೊಳಕೆಯನ್ನು ಔಷಧದಲ್ಲಿ ತೊಳೆದು, ತುದಿ ಮಾತ್ರ ಕತ್ತರಿಸಿ, ಹೊಸ ಬಾಟಲಿಯಲ್ಲಿ ನೆಟ್ಟು, ಬೇರೆಯೇ ಒಂದು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಂಜಿದವನ ಮೇಲೆ ಕಪ್ಪೆ ಎಸೆದ ಹಾಗೆ, ಬೀಗದ ಕೈಯನ್ನು ಧರ್ಮಣ್ಣನಿಗೇ ಕೊಟ್ಟು, ಇದನ್ನು ಜೋಪಾನ ಮಾಡಿ ಎಂದರು.

ಅಲ್ಲಿಂದ ಅವನಿಗೆ ಎರಡು ಕೂಸುಗಳ ಕಾಟ. ಲ್ಯಾಬಿನಲ್ಲಿ ಗಂಗೂಬಾಯಿಯ ಆಲೂಗಡ್ಡೆ ರಾಜಕುಮಾರನ ಹಾಗೆ ಬೆಳೆಯುತ್ತಿತ್ತು. ಅದರ ಎಲೆ ಅಗಲವಾದರೆ ಮೇಡಂ ಫೋಟೊ ತೆಗೆದು ಕಂಪನಿಯ ಯಜಮಾನರಿಗೆ ಕಳಿಸುತ್ತಿದ್ದರು. ಅದರದೊಂದು ಗೆಣ್ಣು ಕುಂಡಕ್ಕೆ ಹೋಯಿತು, ಗಡ್ಡೆ ಕಟ್ಟಿತು. ಕೊಯ್ದು ನೋಡಿದರೆ ಉಂಗುರವಿಲ್ಲ! ಮೇಡಮ್ಮಿನ ಮುಖ ಕಪ್ಪಿಟ್ಟಿತು. ಪರೀಕ್ಷೆ ಮಾಡಿಸಿದರೆ ಬಜಾರಿನ ಆಲೂಗಡ್ಡೆಗೆ ಇರುವ ವೈರಸ್ಸೆಲ್ಲ ಅದಕ್ಕಿತ್ತು. ಗುಣ ಕೆಟ್ಟದ್ದಲ್ಲದೆ ರೋಗವೂ ಹೊಕ್ಕಿತು ಎಂದು ಮೇಡಂ ತಲೆ ಹಿಡಿದುಕೊಂಡರು. ಇತ್ತ ಮನೆಯಲ್ಲಿ, ಸತ್ತಿತು ಎಂದುಕೊಂಡ ಗಿಡ ಬರಣಿಯ ಕೆಳಗೆ ತಲೆ ಎತ್ತಿ ಕೂತಿತ್ತು. ಯಂಕವ್ವ ದಿನಾ ಬರಣಿಯನ್ನು ಚೂರುಚೂರೇ ಓರೆ ಮಾಡಿ ಗಾಳಿ ಕುಡಿಸಿದಳು, ಆಮೇಲೆ ತೆಗೆದೇಬಿಟ್ಟಳು. ಅದರ ಬೆಳವಣಿಗೆ ಊರ ಆಲೂಗಡ್ಡೆಯಂತಿರಲಿಲ್ಲ. ದಪ್ಪಗೆ ಒಂದೆರಡು ಕಾಂಡ ಬರುವ ಬದಲು ಬುಡದಿಂದ ಸಣ್ಣಸಣ್ಣವು ಹತ್ತಾರು ಎದ್ದು, ಪುಟ್ಟ ಎಲೆಗಳ ಪೊದೆಯಾಯಿತು. ಇದು ಆಲೂಗಡ್ಡಿಯಲ್ಲ, ಮೆಂತ್ಯ ಎಂದು ಗಂಗೂಬಾಯಿ ತೀರ್ಪು ತಿದ್ದಿದಳು.

ಕಿತ್ತು ಎಸೆಯುವಂತೆ ಧರ್ಮಣ್ಣ ಎಷ್ಟೋ ಸಲ ಬೇಡಿಕೊಂಡ. ಮೇಡಮ್ಮಿಗೆ ಗೊತ್ತಾದರೆ ನನ್ನನ್ನು ಜೈಲಿಗೆ ಹಾಕಿಸುತ್ತಾರೆ ಎಂದೂ ಹೇಳಿದ. ಜೀವ ಹಿಡಿದದ್ದನ್ನು ಕೀಳಲಾರೆ, ಯಾರಾದರೂ ಬಂದಾಗ ನೋಡಿಕೊಳ್ಳೋಣ ಎಂದಳು ಯಂಕವ್ವ.

ದೀಪಾವಳಿ ಕಳೆದು ತಿಂಗಳಾದ ಮೇಲೆ ಆ ಪರೀಕ್ಷೆಯ ವರದಿ ಹಿಡಿದು ಲ್ಯಾಬಿಗೆ ಘೋಳಪ ಸಾಹೇಬರು ಬಂದರು. ಬೀಜ ತಪಾಸಣೆಯ ಸರ್ಕಾರಿ ಅಧಿಕಾರಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ಬೀಗ ಹಾಕಿದ ಕಪಾಟಿನ ಗಿಡವನ್ನು ಹೊರಗೆ ತೆಗೆಸಿ, ಸುತ್ತು ಹಾಕಿ ನೋಡಿ, ಮರಾಠಿಯಲ್ಲಿ ಒಂದು ಭಾಷಣ ಮಾಡಿದರು. ಮನುಷ್ಯ ಪ್ರಕೃತಿಯ ಜೊತೆ ಆಟವಾಡಿದ್ದಾನೆ, ಬಾಟಲಿಯಲ್ಲಿ ಹುಟ್ಟಿ ಬಾಟಲಿಯಲ್ಲೇ ಬೆಳೆದ ಈ ಗಿಡ ತಾನು ಯಾರು ಎನ್ನುವುದನ್ನೇ ಮರೆತುಬಿಟ್ಟಿದೆ, ಒಂದು ಮರೆತರೆ ಅದರ ಬಳಗವೂ ಇವತ್ತಲ್ಲ ನಾಳೆ ಮರೆಯುತ್ತದೆ, ಇಂಥ ಬೀಜ ರೈತರ ಹೊಲಕ್ಕೆ ಹೋಗಕೂಡದು ಎಂದರು. ಮೇಡಂ ಬೇಡಿಕೊಂಡರು, ಮೂರು ವರ್ಷದ ದುಡಿಮೆ ಎಂದರು. ಸಾಹೇಬರು ತಮ್ಮ ಮೇಲಿನವರಿಗೆ ಫೋನು ಮಾಡಿ ಆಗಲೇ ತಿಳಿಸಿಯಾಗಿತ್ತು. ಇಡೀ ಕೋಣೆಯ ಬಾಟಲಿಗಳನ್ನು ಬೇಯಿಸಿ ನಾಶಮಾಡಬೇಕು ಎಂದು ಅಪ್ಪಣೆಯಾಯಿತು.

ಬೇಯಿಸುವವನು ಯಾರು? ಧರ್ಮಣ್ಣ.

ಅವನು ಗಾಡಿಗೆ ಬಾಟಲಿ ತುಂಬಿದ. ಕುಕ್ಕರಿನ ಬಾಗಿಲವರೆಗೆ ತಳ್ಳಿದ. ಒಳಗೆ ಹಸಿರು ಹಸಿರಾಗಿ ನಿಂತ ಗಿಡಗಳನ್ನು ನೋಡಿದ. ಮೇಡಂ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇಷ್ಟನ್ನೂ ಬೇಯಿಸಿದ ಮೇಲೆ ಲ್ಯಾಬಿರುವುದಿಲ್ಲ, ಲ್ಯಾಬಿಲ್ಲದಿದ್ದರೆ ಕೆಲಸವಿಲ್ಲ. ಹೇಳಿದರೂ ಕೆಲಸವಿಲ್ಲ. ಎರಡು ಕಡೆಯೂ ಬಾವಿಯೇ ಇದ್ದಾಗ ಹೆದರಿಕೆಯು ಯಾವ ಕಡೆ ಎಳೆಯಬೇಕೆಂದು ತಿಳಿಯದೆ ಒಂದು ಕ್ಷಣ ಅವನ ಕೈ ಬಿಟ್ಟಿತು. ಆ ಕ್ಷಣದಲ್ಲಿ ಅವನು ನೆಲಕ್ಕೆ ಕೂತುಬಿಟ್ಟ.

"ಗಿಡ ಏನೂ ಮರ್ತಿಲ್ಲರಿ ಮೇಡಂ. ಅದು ನಮ್ಮ ಮನ್ಯಾಗಿನ ಆಲೂಗಡ್ಡಿ ಮೊಳಕಿ. ನಾನ ಚುಚ್ಚಿಟ್ಟೀನಿ."

ಮೇಡಂ ಒಂದೊಂದೇ ಮಾತಾಗಿ ಅದನ್ನು ಮರಾಠಿಗೆ ತಿರುಗಿಸಿದರು. ಘೋಳಪ ಸಾಹೇಬರು ಕೇಳಿ, ಧರ್ಮಣ್ಣನ ಹೆಗಲ ಮೇಲೆ ಕೈಯಿಟ್ಟು, ಎಂಥ ನಿಷ್ಠೆ ಎಂದರು. ಲ್ಯಾಬು ಉಳಿಸಲು ಬಡವ ತಪ್ಪನ್ನೇ ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾನೆ, ಈ ಕಾಲದಲ್ಲಿ ಇಂಥವರು ಎಲ್ಲಿ ಸಿಗುತ್ತಾರೆ ಎಂದು ಅವರ ಕಣ್ಣೂ ಒದ್ದೆಯಾ‌ಯಿತು. ಕಣ್ಣು ಒರೆಸಿಕೊಂಡು, ಕುಕ್ಕರು ಹಚ್ಚಿ ಎಂದರು. ತಾನು ಕಳ್ಳ ಎಂದು ಧರ್ಮಣ್ಣ ಆಣೆ ಮಾಡಿದ. ಆಣೆ ಮಾಡಿದಷ್ಟೂ ಸಾಹೇಬರ ದೃಷ್ಟಿಯಲ್ಲಿ ಅವನು ದೊಡ್ಡವನಾಗುತ್ತ ಹೋದ.

ಮೇಡಂ ಒಂದೇ ಪ್ರಶ್ನೆ ಕೇಳಿದರು. "ಹಾಗಾದ್ರೆ ಬಾಟಲಿಯಲ್ಲಿ ಇದ್ದ ಗಿಡ ಎಲ್ಲಿ?"

ಮನ್ಯಾಗ ಅದರಿ ಎಂದ ಧರ್ಮಣ್ಣ. ಹತ್ತು ನಿಮಿಷದಲ್ಲಿ ಮೂವರೂ ಸಾಹೇಬರ ಜೀಪಿನಲ್ಲಿದ್ದರು.

ಯೆರವಡಾದಲ್ಲಿ ಸರ್ಕಾರಿ ಜೀಪು ಕಂಡರೆ ಜನ ಅದು ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಅಗತ್ಯವೂ ಇಲ್ಲ. ಓಣಿಯ ಬಾಯಿಯಲ್ಲಿ ಜೀಪು ನಿಂತು, ಹಿಂದಿನ ಸೀಟಿನಿಂದ ಧರ್ಮಣ್ಣ ಬೆವರು ಸುರಿಸುತ್ತ ಇಳಿದಾಗ ಅಲ್ಲಿದ್ದವರಿಗೆ ಎಲ್ಲವೂ ತಿಳಿದುಹೋಯಿತು. ಸಿಕ್ಕಿಬಿದ್ದಿದ್ದಾನೆ, ಮಾಲು ತೋರಿಸಲು ಕರೆತಂದಿದ್ದಾರೆ. ಮಾಲು ಏನು ಎನ್ನುವುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿತ್ತು. ಗಂಗೂಬಾಯಿ ತರಕಾರಿ ಗಾಡಿಯನ್ನು ಓಣಿಗೆ ಅಡ್ಡ ನಿಲ್ಲಿಸಿ, ಚಕ್ರ ಸಿಕ್ಕಿಕೊಂಡಿದೆ ಎಂದು ಸಾಹೇಬರಿಗೆ ಮರಾಠಿಯಲ್ಲಿ ಸಮಜಾಯಿಷಿ ಕೊಡುತ್ತ, ಪೊಲೀಸರು ಬಂದರೆಂದು ಕನ್ನಡದಲ್ಲಿ ಯಂಕವ್ವನಿಗೆ ಕೂಗಿ ಹೇಳಿದಳು. ಅಕ್ಕನ ಮನೆಗೆಂದು ಅದೇ ಹೊತ್ತಿಗೆ ಬಂದಿದ್ದ ಶಿವಪುತ್ರಪ್ಪ, ಈ ಮನುಷ್ಯ ನಿಮಗೆ ಗೊತ್ತೇ ಎಂದು ಸಾಹೇಬರು ಸುಮ್ಮನೆ ಕೇಳಿದ್ದಕ್ಕೆ, ನಾನು ವಿಳಾಸ ಹುಡುಕಿಕೊಂಡು ಬಂದವನು, ಈ ಓಣಿಯೇ ಅಲ್ಲ ಎಂದು ಹೇಳಿ ಎರಡು ಫೋನನ್ನೂ ಕಿವಿಗಿಟ್ಟುಕೊಂಡು ಹೋದ.

ಒಳಗೆ ಯಂಕವ್ವ ಡ್ರಮ್ಮಿನ ಹಿಂದಕ್ಕೆ ಓಡಿದಳು. ಇಷ್ಟು ದಿನ ಕೀಳಲಾರೆ ಎಂದವಳು ಗಂಡನ ಮುಖ ಕಣ್ಣ ಮುಂದೆ ಬಂದೊಡನೆ ಒಂದೇ ಎಳೆತಕ್ಕೆ ಗಿಡ ಕಿತ್ತಳು. ಸೊಪ್ಪು ಗಟಾರಕ್ಕೆ ಹೋಯಿತು. ಬುಡದಲ್ಲಿ ಗೋಲಿಗಾತ್ರದ ಗಡ್ಡೆಗಳು, ಊರ ಗಿಡಕ್ಕೆ ಬಿಡುವುದಕ್ಕಿಂತ ಹೆಚ್ಚು, ಗೊಂಚಲು ಗೊಂಚಲಾಗಿ ಹಿಡಿದಿದ್ದವು. ಅವನ್ನು ಎಲ್ಲಿ ಬಚ್ಚಿಡುವುದು? ಒಲೆಯ ಮೇಲೆ ಪಲ್ಯಕ್ಕೆಂದು ಉಳ್ಳಾಗಡ್ಡಿ ಒಗ್ಗರಣೆ ಕಾಯುತ್ತಿತ್ತು. ಅಷ್ಟನ್ನೂ ತೊಳೆದು ಅದರೊಳಗೆ ಸುರಿದು ಮುಚ್ಚಳ ಮುಚ್ಚಿದಳು.

ಸಾಹೇಬರು ಒಳಗೆ ಬಂದು ಮಂಚದ ಮೇಲೆ ಕೂತರು. ಗಿಡ ಎಲ್ಲಿ ಎಂದು ಮೇಡಂ ಕೇಳಿದರು.

"ಯಾವ ಗಿಡಾರಿ?" ಎಂದಳು ಯಂಕವ್ವ. "ನಮ್ಮ ಮನ್ಯಾಗ ತುಳಸಿ ಸೈತ ಇಲ್ಲ."

ಧರ್ಮಣ್ಣ ಡ್ರಮ್ಮಿನ ಹಿಂದೆ ನೋಡಿದ. ಡಬ್ಬಿಯಲ್ಲಿ ಹಸಿ ಮಣ್ಣು ಮಾತ್ರ ಇತ್ತು. ನಿಜ ಹೇಳು ಎಂದು ಹೆಂಡತಿಗೆ ಗೋಗರೆದ. ಅವಳು ಅವನನ್ನು ಪಾಪ ಎನ್ನುವಂತೆ ನೋಡಿದಳು, ಹೊಡೆದು ಹೊಡೆದು ಹೀಗೆ ಹೇಳಿಸುತ್ತಿದ್ದಾರೆ ಎಂದುಕೊಂಡಳು. ಅವನು ಕೇಳಿದಷ್ಟೂ ಅವಳು ಇಲ್ಲ ಎಂದಳು. ನೋಡಿದಿರಾ, ನಾನು ಹೇಳಲಿಲ್ಲವೇ, ಗಿಡವೂ ಇಲ್ಲ ಏನೂ ಇಲ್ಲ, ಇವನು ದೇವರಂಥ ಮನುಷ್ಯ ಎಂದು ಸಾಹೇಬರು ಎದ್ದರು. ಹೋಗಿ ಕುಕ್ಕರು ಹಚ್ಚಿಸುವುದೊಂದು ಬಾಕಿ.

ಧರ್ಮಣ್ಣನಿಗೆ ಆಗ ನಿಜವಾಗಿ ಅಳು ಬಂತು. ಇಷ್ಟು ವರ್ಷ ಸುಳ್ಳಿಗೆ ಹೆದರಿ ಬದುಕಿದವನಿಗೆ ಕಡೆಗೆ ನಿಜ ಹೇಳಿದರೂ ಉಳಿಗಾಲವಿಲ್ಲ ಎಂದರೆ ಹೇಗೆ?

ಆದರೆ ಯಂಕವ್ವನ ಮನೆಯಿಂದ ಉಣ್ಣದೆ ಯಾರೂ ಹೊರಟವರಲ್ಲ, ಪೊಲೀಸರೇ ಆಗಲಿ. ಹೊಟ್ಟೆ ತುಂಬಿದರೆ ಗಂಡನಿಗೆ ಬೀಳುವ ಏಟಾದರೂ ಮೆತ್ತಗಾದೀತು ಎಂಬ ಆಸೆಯೂ ಅವಳಿಗಿತ್ತು. ಬಾಗಿಲಿಗೆ ಅಡ್ಡ ನಿಂತು, ರೊಟ್ಟಿ ತಿಂದು ಹೋಗ್ರಿ ಎಂದಳು. ಬಿಸಿ ಜೋಳದ ರೊಟ್ಟಿಯ ವಾಸನೆಗೆ ಸಾಹೇಬರು ಮತ್ತೆ ಕೂತರು. ಪಲ್ಯ ಇದ್ದದ್ದು ಅದೊಂದೇ, ಅದನ್ನೇ ಬಡಿಸಿದಳು. ಸಾಕ್ಷಿಯನ್ನು ಇಡಲು ಸಾಹೇಬನ ಹೊಟ್ಟೆಗಿಂತ ಭದ್ರವಾದ ಜಾಗ ಯಾವುದಿದೆ?

ಸಾಹೇಬರು ತಲೆ ಎತ್ತದೆ ಉಂಡರು. ಇಷ್ಟು ಸಣ್ಣ ಆಲೂಗಡ್ಡೆ ಇಷ್ಟು ರುಚಿಯಾಗಿರುವುದನ್ನು ಕಂಡಿಲ್ಲ ಎಂದು ಎರಡನೆಯ ಸಲ, ಮೂರನೆಯ ಸಲ ಹಾಕಿಸಿಕೊಂಡರು. ಬಾಣಲೆ ಬರಿದಾಯಿತು. ಮೇಡಂ ಮನಸ್ಸಿಲ್ಲದೆ ರೊಟ್ಟಿ ಮುರಿದು, ಒಂದು ಗಡ್ಡೆಯನ್ನು ಬೆರಳಿನಿಂದ ಒಡೆದರು. ಅವರ ಕೈ ಅಲ್ಲೇ ನಿಂತಿತು. ಇನ್ನೊಂದು ಒಡೆದರು. ಮತ್ತೊಂದು. ಎಲ್ಲದರೊಳಗೂ, ಅರಿಶಿಣದ ನಡುವೆ, ಕೆಂಪು ಉಂಗುರ.

ಅವರು ಧರ್ಮಣ್ಣನನ್ನು ನೋಡಿದರು. ಆಮೇಲೆ ತಮ್ಮ ತಟ್ಟೆಯನ್ನು ಸುಮ್ಮನೆ ಸಾಹೇಬರ ಮುಂದೆ ಸರಿಸಿದರು. ಈ ತಳಿ ನಮ್ಮ ಕೋಣೆ ಬಿಟ್ಟು ಲೋಕದಲ್ಲಿ ಎಲ್ಲೂ ಇಲ್ಲ, ಬಾಟಲಿಯ ಗಿಡ ಈ ಮನೆಗೆ ಬಂದದ್ದು ನಿಜ, ಹಾಗಿದ್ದರೆ ಅದರ ಜಾಗದಲ್ಲಿ ಬಜಾರಿನದು ಬಂದದ್ದೂ ನಿಜ ಎಂದು ಮೆಲ್ಲನೆ ಹೇಳಿದರು. ಸಾಹೇಬರು ಉಂಗುರ ನೋಡಿದರು. ತಮ್ಮ ಖಾಲಿ ತಟ್ಟೆ ನೋಡಿದರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದರು. ಇನ್ನೂ ಪ್ರಮಾಣಪತ್ರ ಸಿಗದ ತಳಿಯನ್ನು, ತನಿಖೆಗೆ ಹೋದ ಅಧಿಕಾರಿ, ಮೂರು ಸಲ ಹಾಕಿಸಿಕೊಂಡು ತಿಂದ ಎಂದು ಮೇಲಿನವರಿಗೆ ಯಾವ ಬಾಯಲ್ಲಿ ಹೇಳುವುದು?

ಕೈ ತೊಳೆದುಕೊಂಡು ಅವರು ಗಂಭೀರವಾಗಿ ತೀರ್ಮಾನ ಹೇಳಿದರು. ಈ ಮನೆಯಲ್ಲಿ ತಾವು ಏನೂ ನೋಡಿಲ್ಲ, ರೊಟ್ಟಿ ಉಂಡದ್ದು ಮಾತ್ರ. ಗಿಡಗಳು ಯಾವುದನ್ನೂ ಮರೆತಿಲ್ಲ. ಕಪಾಟಿನ ಆ ಒಂದು ಗಿಡವನ್ನು ಮಾತ್ರ ಬೇಯಿಸಿಬಿಡಿ, ಉಳಿದವು ಇರಲಿ. ಓಣಿಯ ಜನ ಎರಡು ಕಡೆಗೆ ಸರಿದು ದಾರಿ ಬಿಟ್ಟರು. ಧರ್ಮಣ್ಣನನ್ನು ಬಿಟ್ಟು ಸಾಹೇಬರೊಬ್ಬರೇ ಹೊರಟದ್ದನ್ನು ಕಂಡು, ಜಾಮೀನು ಸಿಕ್ಕಿತು ಎಂದು ಗಂಗೂಬಾಯಿ ಎಲ್ಲರಿಗೂ ಸಾರಿದಳು.

ಮೇಡಂ ಹೊಸ್ತಿಲಲ್ಲಿ ನಿಂತರು. ಧರ್ಮಣ್ಣ ಅವರ ಚಪ್ಪಲಿಯನ್ನೇ ನೋಡುತ್ತ ನಿಂತ. ಅವರ ದನಿ ಸಿಟ್ಟಿನಿಂದ ನಡುಗುತ್ತಿತ್ತು.

"ಮೂರು ವರ್ಷದ್ದು ಎಲ್ಲ ಬೇಯಿಸ್ತಿದ್ದೆ ಇವತ್ತು, ಗೊತ್ತುಂಟಾ? ಆ ಸೋಮವಾರವೇ ಬಂದು ಒಂದು ಬಾಟಲಿ ಹಾಳಾಯ್ತು ಅಂದಿದ್ರೆ ಸಾಕಿತ್ತು. ಇನ್ನೊಂದು ತೊಳೀರಿ ಅಂತಿದ್ದೆ."

"ನಿಮಗ ಒಂದೊಂದರ ಮಾರಿನೂ ಗುರ್ತ ಇರ್ತದ ಅಂತ ತಿಳ್ದಿದ್ದೆರಿ ಮೇಡಂ. ಅಂಜಿಕಿ ಬಂತು."

ಮೇಡಂ ಅವನ ಮುಖ ನೋಡಿದರು. ಸಿಟ್ಟು ಎಲ್ಲಿಗೋ ಹೋಯಿತು.

"ಅಷ್ಟೂ ಒಂದೇ ಗಿಡ, ಧರ್ಮಣ್ಣ. ಒಂದನ್ನೇ ಕತ್ತರಿಸಿ ಕತ್ತರಿಸಿ ಮಾಡಿದ್ದು. ಯಾವುದು ಯಾವುದು ಅಂತ ನನಗೂ ಗುರುತಿಲ್ಲ. ನಿಮ್ಮ ಗುರುತು ಮಾತ್ರ ಉಂಟು." ಚಪ್ಪಲಿ ಮೆಟ್ಟಿಕೊಂಡರು. "ನಾಳೆ ಬೇಡ, ಸೋಮವಾರ ಬನ್ನಿ."

ಜೀಪಿನ ಸದ್ದು ದೂರವಾದ ಮೇಲೆ ಯಂಕವ್ವ ಬಾಗಿಲು ಹಾಕಿ, ಗಂಡನ ಅಂಗಿ ಎತ್ತಿ, ಬೆನ್ನ ಮೇಲೆ ಬಾಸುಂಡೆ ಇದೆಯೇ ಎಂದು ನೋಡಿದಳು. ಒಂದೂ ಇರಲಿಲ್ಲ. ಆಗ ಅವಳಿಗೆ ತಡೆಯಲಾಗಲಿಲ್ಲ, ಆ ಬೆನ್ನಿಗೇ ಹಣೆ ಹಚ್ಚಿ ಅತ್ತಳು. ಧರ್ಮಣ್ಣನೂ ಅತ್ತ. ಅತ್ತು ಹಗುರಾಗಿ, ಕಣ್ಣು ಒರೆಸಿಕೊಂಡು, ಹೋಗುವಾಗ ಮೇಡಂ ಏನಂದರು ಎಂದು ಅವಳು ಕೇಳಿದಳು.

"ಸೋಮವಾರ ಬಾ ಅಂದ್ರು."

"ಯಾತಕ್ಕ?"

ಧರ್ಮಣ್ಣ ಬಾಯಿ ತೆರೆದ. ಕೆಲಸ ಮಾಡಲು ಬಾ ಎಂದರೋ, ಲೆಕ್ಕ ಮುಗಿಸಿಕೊಂಡು ಹೋಗಲು ಬಾ ಎಂದರೋ, ಅದನ್ನು ಅವನು ಕೇಳಿರಲಿಲ್ಲ. ಗೋಡೆಗೆ ಒರಗಿ ಮೆಲ್ಲನೆ ಕೆಳಗೆ ಕೂತ. ಯಂಕವ್ವನೂ ಅವನ ಪಕ್ಕದಲ್ಲಿ ಕೂತಳು.

ಅಂದು ಇನ್ನೂ ಶುಕ್ರವಾರ.